ಮನೆಯ ಲಿಫ್ಟಿಗೆ ಹದಿನೈದು ವರ್ಷದ ಲೆಕ್ಕ



ಚೆನ್ನೈ ನಗರದ ಮಾಂಬಲ, ಮೈಲಾಪುರ, ತಿರುವಲ್ಲಿಕೇಣಿ, ಅಡ್ಯಾರು ಕಡೆ ನಮ್ಮ ಕನ್ನಡದ ಮನೆಗಳು ಬಹಳ ಇವೆ. ಬ್ಯಾಂಕಿನ ಕೆಲಸಕ್ಕೆ ಬಂದವರು, ರೈಲ್ವೆಗೆ ಬಂದವರು, ಹೋಟೆಲು ನಡೆಸಲು ಬಂದವರು, ಸಿನಿಮಾ ಸ್ಟುಡಿಯೋಗಳಿಗೆ ಬಂದವರು, ಎಲ್ಲರೂ ಇಲ್ಲೇ ನೆಲೆ ನಿಂತರು. ಮನೆ ಕಟ್ಟಿದರು. ಕೆಳಗೆ ಬಾಡಿಗೆಗೆ ಕೊಟ್ಟು, ಗಾಳಿ ಬರುತ್ತದೆಂದು ತಾವು ಮಹಡಿಯಲ್ಲಿ ಉಳಿದರು. ಆಗ ಅವರಿಗೆ ನಲವತ್ತು ವರ್ಷ. ಈಗ ಎಪ್ಪತ್ತೈದು, ಎಂಬತ್ತು. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇದ್ದಾರೆ. ಇಪ್ಪತ್ತು ಮೆಟ್ಟಿಲು ಮಾತ್ರ ಇದ್ದಲ್ಲೇ ಇವೆ, ಮಂಡಿಗಳು ಮೊದಲಿನಂತಿಲ್ಲ.

ಹಾಗಾಗಿ ಮನೆಯಲ್ಲಿ ಲಿಫ್ಟಿನ ಮಾತು ಬರುತ್ತದೆ. ಮಗ ಫೋನಿನಲ್ಲಿ ಹೇಳುತ್ತಾನೆ, "ಅಪ್ಪಾ, ಹಾಕಿಸಿಬಿಡೋಣ, ದುಡ್ಡು ನಾನು ಕಳಿಸ್ತೀನಿ." ಕಂಪನಿಯವರು ಬರುತ್ತಾರೆ, ಅಳತೆ ತೆಗೆಯುತ್ತಾರೆ, ಬಣ್ಣದ ಪುಸ್ತಕ ತೋರಿಸುತ್ತಾರೆ. ಗಾಜಿನ ಬಾಗಿಲೋ ಉಕ್ಕಿನ ಬಾಗಿಲೋ ಎಂದು ಎರಡು ವಾರ ಚರ್ಚೆ ನಡೆಯುತ್ತದೆ. ಬೆಲೆಯಲ್ಲಿ ಐವತ್ತು ಸಾವಿರ ಇಳಿಸಲು ನಾಲ್ಕು ಸಲ ಮಾತುಕತೆ ಆಗುತ್ತದೆ. ಮುಂದಿನ ಹದಿನೈದು ವರ್ಷ ಈ ಯಂತ್ರವನ್ನು ಸಾಕಲು ಎಷ್ಟು ಬೇಕು, ಆ ಹಣ ಯಾರ ಕೈಯಿಂದ ಬರಬೇಕು ಎಂಬ ಪ್ರಶ್ನೆ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಹಸು ಕೊಳ್ಳುವ ರೈತ ಮೊದಲು ಮೇವಿನ ಲೆಕ್ಕ ಹಾಕುತ್ತಾನೆ. ಲಿಫ್ಟಿಗೂ ಆ ಲೆಕ್ಕ ಬೇಕು. ಇಂದು ನನ್ನ ಮಾತೆಲ್ಲ ಅದರ ಬಗ್ಗೆಯೇ.

ಮೊದಲು ಒಂದು ಮೊತ್ತ ಹಿಡಿದುಕೊಳ್ಳೋಣ. ಎರಡು ಮಹಡಿ ಏರುವ, ಮೂರು ನಾಲ್ಕು ಜನ ಹಿಡಿಯುವ ಲಿಫ್ಟಿಗೆ ಹನ್ನೆರಡು ಲಕ್ಷ ರೂಪಾಯಿ ಎನ್ನೋಣ. ಇದು ಲೆಕ್ಕದ ಅನುಕೂಲಕ್ಕೆ ಇಟ್ಟುಕೊಂಡದ್ದು. ನಿಮ್ಮ ಮನೆಗೆ ಎಂಟು ಲಕ್ಷವಾಗಬಹುದು, ಇಪ್ಪತ್ತೂ ಆಗಬಹುದು. ಇದರ ಜೊತೆಗೆ ಗೋಡೆ ಎಬ್ಬಿಸುವ ಮೇಸ್ತ್ರಿಯ ಖರ್ಚು, ತಾರಸಿ ಕೊರೆಯುವ ಖರ್ಚು, ಮೂರು ಫೇಸ್ ಕರೆಂಟು ಬೇಕಾದರೆ ಅದರ ಖರ್ಚು ಇವೆ. ಪರವಾನಗಿಯೂ ಬೇಕು. ತಮಿಳುನಾಡಿನಲ್ಲಿ ಇದಕ್ಕೆಂದೇ 1997ರ ಲಿಫ್ಟ್ ಮತ್ತು ಎಸ್ಕಲೇಟರ್ ಕಾಯಿದೆ ಇದೆ. ಕರ್ನಾಟಕದಲ್ಲಿ ಮನೆ ಇರುವವರಿಗೆ 2012ರ ಕಾಯಿದೆ. ಎರಡೂ ಕಡೆ ನೋಡಿಕೊಳ್ಳುವುದು ಸರ್ಕಾರದ ವಿದ್ಯುತ್ ಪರಿವೀಕ್ಷಕರ ಇಲಾಖೆ. ಅರ್ಜಿ ಹಾಕುವುದು ಯಾರು, ಶುಲ್ಕ ಕಟ್ಟುವುದು ಯಾರು, ಮುಂದೆ ನವೀಕರಿಸುವುದು ಯಾರು, ಇಷ್ಟನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ. ಇದೆಲ್ಲ ಒಂದು ಸಲದ ಖರ್ಚು, ಕಣ್ಣಿಗೆ ಕಾಣುವ ಖರ್ಚು. ಆದ್ದರಿಂದ ಮುಂದೆ ಹೋಗೋಣ.

ಕಣ್ಣಿಗೆ ಕಾಣದ ಖರ್ಚಿನಲ್ಲಿ ದೊಡ್ಡದು ವಾರ್ಷಿಕ ನಿರ್ವಹಣೆಯ ಒಪ್ಪಂದ. ಎಲ್ಲರೂ ಎ.ಎಂ.ಸಿ. ಎನ್ನುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ. ಮೊದಲ ವರ್ಷ ವಾರಂಟಿ ಇರುತ್ತದೆ, ಯಾರೂ ದುಡ್ಡು ಕೇಳುವುದಿಲ್ಲ. ಎರಡನೆಯ ವರ್ಷದಿಂದ ಎ.ಎಂ.ಸಿ. ಶುರು. ಅದರಲ್ಲಿ ಎರಡು ಬಗೆ. ಒಂದರಲ್ಲಿ ಮೆಕ್ಯಾನಿಕ್ ಬಂದು ನೋಡುತ್ತಾನೆ, ಎಣ್ಣೆ ಹಾಕುತ್ತಾನೆ, ಹೊಂದಿಸುತ್ತಾನೆ. ಹೋದ ಭಾಗಕ್ಕೆ ನೀವೇ ದುಡ್ಡು ಕೊಡಬೇಕು. ಇನ್ನೊಂದು ಕಾಂಪ್ರಹೆನ್ಸಿವ್. ಅದರಲ್ಲಿ ಭಾಗಗಳೂ ಸೇರಿರುತ್ತವೆ. ಹೆಸರು ಕೇಳಿದರೆ ಎಲ್ಲವೂ ಸೇರಿದ ಹಾಗೆ ಅನಿಸುತ್ತದೆ. ಒಪ್ಪಂದದ ಕೊನೆಯ ಪುಟದಲ್ಲಿ ಸೇರದವುಗಳ ಪಟ್ಟಿ ಇರುತ್ತದೆ. ಬ್ಯಾಟರಿ ಸೇರದಿರಬಹುದು. ನೀರು ನುಗ್ಗಿ ಕೆಟ್ಟರೆ ಸೇರದಿರಬಹುದು. ಸಿಡಿಲು, ವೋಲ್ಟೇಜ್ ಏರಿಳಿತ, ಇಲಿ ಕಡಿದ ವೈರು ಇವೂ ಹೊರಗಿರಬಹುದು. ಚೆನ್ನೈಯಲ್ಲಿ ಲಿಫ್ಟ್ ಕೆಡುವುದೇ ಹೆಚ್ಚಾಗಿ ಇಂಥ ಕಾರಣಗಳಿಂದ! ಸಹಿ ಹಾಕುವ ಮೊದಲು ಆ ಪುಟವನ್ನು ಮನೆಯವರ ಎದುರು ಗಟ್ಟಿಯಾಗಿ ಓದಿಸಿ.

ಈಗ ಲೆಕ್ಕ. ಕಾಂಪ್ರಹೆನ್ಸಿವ್ ಎ.ಎಂ.ಸಿ.ಗೆ ತೆರಿಗೆ ಸೇರಿ ವರ್ಷಕ್ಕೆ ನಲವತ್ತು ಸಾವಿರ ಎನ್ನಿ. ತೆರಿಗೆಯನ್ನು ಮರೆಯಬೇಡಿ. ಲಿಫ್ಟಿಗೂ ಅದರ ನಿರ್ವಹಣೆಗೂ ಜಿ.ಎಸ್.ಟಿ. ನೂರಕ್ಕೆ ಹದಿನೆಂಟು. ಕಂಪನಿಯವರು ಬಾಯಲ್ಲಿ ಹೇಳುವ ದರಕ್ಕೆ ಇದನ್ನು ಸೇರಿಸಿರುವುದಿಲ್ಲ. ಒಪ್ಪಂದದಲ್ಲಿ ಇನ್ನೊಂದು ಸಾಲು ಇರುತ್ತದೆ, ಪ್ರತಿ ವರ್ಷ ಇಷ್ಟು ಶೇಕಡ ಏರಿಕೆ ಎಂದು. ಶೇಕಡ 8 ಎಂದಿಟ್ಟುಕೊಳ್ಳಿ. ಸಣ್ಣದಾಗಿ ಕೇಳಿಸುತ್ತದೆ. ಆ ದರದಲ್ಲಿ ನಲವತ್ತು ಸಾವಿರವು ಒಂಬತ್ತು ವರ್ಷಕ್ಕೆ ಎಂಬತ್ತು ಸಾವಿರ ಆಗುತ್ತದೆ. ಕೊನೆಯ ವರ್ಷದ ಬಿಲ್ಲು ಒಂದು ಲಕ್ಷ ದಾಟುತ್ತದೆ. ವಾರಂಟಿಯ ವರ್ಷ ಬಿಟ್ಟು ಉಳಿದ ಹದಿನಾಲ್ಕು ವರ್ಷ ಕೂಡಿಸಿದರೆ ಹತ್ತು ಲಕ್ಷದ ಹತ್ತಿರ. ಹನ್ನೆರಡು ಲಕ್ಷದ ಲಿಫ್ಟಿಗೆ ಹತ್ತು ಲಕ್ಷದ ಎ.ಎಂ.ಸಿ.

ಇದೇ ಏರಿಕೆಯನ್ನು ಶೇಕಡ 5ಕ್ಕೆ ಇಳಿಸಿ ನೋಡಿ. ಹದಿನಾಲ್ಕು ವರ್ಷದ ಮೊತ್ತ ಎಂಟು ಲಕ್ಷದ ಒಳಗೆ ಬರುತ್ತದೆ. ಉಳಿತಾಯ ಸುಮಾರು ಎರಡು ಲಕ್ಷ. ಬೆಲೆಯಲ್ಲಿ ಐವತ್ತು ಸಾವಿರ ಇಳಿಸಲು ನಾಲ್ಕು ಸಲ ಮಾತಾಡಿದ ನಾವು ಈ ಒಂದು ಸಾಲಿಗಾಗಿ ಒಂದು ಸಲವೂ ಬಾಯಿ ಬಿಡುವುದಿಲ್ಲ. ಬಾಯಿ ಬಿಡುವ ಹೊತ್ತು ಯಾವುದು ಬಲ್ಲಿರಾ? ಲಿಫ್ಟಿನ ಆರ್ಡರು ಕೊಡುವ ಮುನ್ನ. ಲಿಫ್ಟ್ ಗೋಡೆಯೊಳಗೆ ಕೂತ ಮೇಲೆ ನಿಮ್ಮ ಮಾತಿಗೆ ಬಲವಿಲ್ಲ. ಅದರಲ್ಲೂ ಕೆಲವು ಲಿಫ್ಟುಗಳ ಕಂಟ್ರೋಲ್ ಬೋರ್ಡನ್ನು ಅದೇ ಕಂಪನಿಯವರ ಉಪಕರಣ, ಅವರ ಪಾಸ್‌ವರ್ಡ್ ಇಲ್ಲದೆ ಬೇರೆ ಯಾರೂ ಮುಟ್ಟಲು ಆಗುವುದಿಲ್ಲ. ಅಂದರೆ ಅವರು ಕೇಳಿದ ಎ.ಎಂ.ಸಿ. ಕೊಡುವುದೇ ದಾರಿ. "ಈ ಲಿಫ್ಟನ್ನು ಹೊರಗಿನ ಮೆಕ್ಯಾನಿಕ್ ರಿಪೇರಿ ಮಾಡಬಹುದೇ?" ಎಂದು ನೇರವಾಗಿ ಕೇಳಿ. ಉತ್ತರವನ್ನು ಕಾಗದದ ಮೇಲೆ ತೆಗೆದುಕೊಳ್ಳಿ.

ಇಲ್ಲಿಯವರೆಗೆ ಹೇಳಿದ್ದು ಕೊಳ್ಳುವ ಬೆಲೆ ಹನ್ನೆರಡು ಲಕ್ಷ, ಎ.ಎಂ.ಸಿ. ಹತ್ತು ಲಕ್ಷ ಎಂದು. ಇನ್ನು ಸವೆಯುವ ಭಾಗಗಳಿಗೆ ಬರುತ್ತೇನೆ.

ಲಿಫ್ಟಿನಲ್ಲಿ ಹಲವು ಜಾತಿ. ಉಕ್ಕಿನ ಹಗ್ಗ ಅಥವಾ ಪಟ್ಟಿಯಲ್ಲಿ ತೂಗುವುದು ಒಂದು. ಎಣ್ಣೆಯ ಒತ್ತಡದಿಂದ ಏರುವ ಹೈಡ್ರಾಲಿಕ್ ಇನ್ನೊಂದು. ಉದ್ದನೆಯ ಸ್ಕ್ರೂ ಹಿಡಿದು ಏರುವುದು ಮತ್ತೊಂದು. ಗಾಳಿಯ ಒತ್ತಡದ ವ್ಯತ್ಯಾಸದಿಂದ ಕೊಳವೆಯೊಳಗೆ ಏರುವ ವ್ಯಾಕ್ಯೂಮ್ ಲಿಫ್ಟ್ ಕೂಡ ಬಂದಿದೆ. ಹಗ್ಗದ್ದಾದರೆ ಹಗ್ಗ, ಅದು ಹಾಯುವ ಗಾಲಿ ಸವೆಯುತ್ತವೆ. ಹೈಡ್ರಾಲಿಕ್ ಆದರೆ ಎಣ್ಣೆ ಬದಲಿಸಬೇಕು, ಸಿಲಿಂಡರಿನ ಸೀಲುಗಳು ಸೋರುತ್ತವೆ. ಸ್ಕ್ರೂ ಲಿಫ್ಟಿನಲ್ಲಿ ಅದರ ನಟ್ಟು ಸವೆಯುತ್ತದೆ. ವ್ಯಾಕ್ಯೂಮ್ ಲಿಫ್ಟಿನಲ್ಲಿ ಗಾಳಿ ಸೋರದಂತೆ ತಡೆಯುವ ಸೀಲುಗಳು ಹಳಸುತ್ತವೆ. ಯಾವ ಜಾತಿಯಾದರೂ ಬಾಗಿಲಿನ ಲಾಕು, ಸೆನ್ಸರು, ಬ್ಯಾಟರಿ ಇದ್ದೇ ಇರುತ್ತವೆ. ಕರೆಂಟು ಹೋದಾಗ ಲಿಫ್ಟನ್ನು ಹತ್ತಿರದ ಮಹಡಿಗೆ ತಂದು ಬಾಗಿಲು ತೆರೆಯುವುದು ಆ ಬ್ಯಾಟರಿ. ಎರಡು ಮೂರು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು. ದುಡ್ಡು ಉಳಿಸಲೆಂದು ಬ್ಯಾಟರಿ ಬದಲಿಸದೆ ಬಿಡಬೇಡಿ. ಎಂಬತ್ತು ವರ್ಷದ ತಾಯಿ ಎರಡು ಮಹಡಿಗಳ ನಡುವೆ ಕತ್ತಲಲ್ಲಿ ನಿಲ್ಲುವುದು ಬೇಡ.

ಮೈಸೂರಿನ ಲಲಿತಮಹಲ್ ಅರಮನೆಯ ಹಳೆಯ ಲಿಫ್ಟನ್ನು ಕೇಳುಗರಲ್ಲಿ ಹಲವರು ನೋಡಿರಬಹುದು. ಅಂಥ ಲಿಫ್ಟುಗಳ ಒಳಗೆ ಇದ್ದದ್ದು ಕಬ್ಬಿಣ, ತಾಮ್ರ, ಮರ. ಸವೆದರೆ ಲೇತ್ ಯಂತ್ರದಲ್ಲಿ ತಿರುಗಿಸಿ ಹೊಸ ಭಾಗ ಮಾಡಬಹುದಿತ್ತು. ಇಂದಿನ ಲಿಫ್ಟಿನಲ್ಲಿ ಕಬ್ಬಿಣ ಇಪ್ಪತ್ತೈದು ವರ್ಷ ಬಾಳುತ್ತದೆ. ಎಲೆಕ್ಟ್ರಾನಿಕ್ ಬೋರ್ಡಿನ ಆಯುಷ್ಯ ಅದರ ಅರ್ಧ. ಬೋರ್ಡು ಹೋದಾಗ ಆ ಮಾದರಿ ಮಾರುಕಟ್ಟೆಯಿಂದಲೇ ಹೋಗಿರುವುದುಂಟು. ಆದ್ದರಿಂದ ಇನ್ನೊಂದು ಪ್ರಶ್ನೆ ಕೇಳಿ. "ಇದರ ಸ್ಪೇರ್ ಎಷ್ಟು ವರ್ಷ ಸಿಗುತ್ತದೆ? ಎಲ್ಲಿಂದ ಬರುತ್ತದೆ?" ಈ ವಿಷಯದಲ್ಲಿ ಚೆನ್ನೈಯವರಿಗೆ ಒಂದು ಅನುಕೂಲ ಇದೆ. ಲಿಫ್ಟ್ ಉದ್ಯಮಕ್ಕೆ ಇದು ದೊಡ್ಡ ಊರು. ಜಾನ್ಸನ್ ಲಿಫ್ಟ್ಸ್ ಇಲ್ಲಿ ಶುರುವಾದದ್ದು 1963ರಲ್ಲಿ. ಫಿನ್ಲೆಂಡಿನ ಕೋನೆ ಕಂಪನಿಯ ಕಾರ್ಖಾನೆ ಶ್ರೀಪೆರಂಬುದೂರಿನ ಬಳಿ ಇದೆ. ಮೆಕ್ಯಾನಿಕ್‌ಗಳೂ ಇಲ್ಲಿ ಸಿಗುತ್ತಾರೆ. ಅದೇ ಲಿಫ್ಟನ್ನು ಕುಂದಾಪುರದಲ್ಲೋ ಸಾಗರದಲ್ಲೋ ಇರುವ ಅಣ್ಣನ ಮನೆಗೂ ಹಾಕಿಸುವ ಯೋಚನೆ ಇದ್ದರೆ, ಮೆಕ್ಯಾನಿಕ್ ಎಲ್ಲಿಂದ ಬರಬೇಕು, ಎಷ್ಟು ಗಂಟೆಯಲ್ಲಿ ಬಂದಾನು ಎಂದು ವಿಚಾರಿಸಿ.

ಬೆಲೆ ಆಯಿತು, ಎ.ಎಂ.ಸಿ. ಆಯಿತು, ಸವೆಯುವ ಭಾಗಗಳೂ ಆದವು. ಈ ಊರಿನ ಹವೆ ಸೇರಿಸುವ ಖರ್ಚು ಇನ್ನೂ ಇದೆ.

ಬೆಸೆಂಟ್ ನಗರ, ತಿರುವಾನ್ಮಿಯೂರು ಕಡೆಯ ಮನೆಗಳಲ್ಲಿ ಕಿಟಕಿಯ ಸರಳು ಎಷ್ಟು ಬೇಗ ತುಕ್ಕು ಹಿಡಿಯುತ್ತದೆ ಎಂದು ಅಲ್ಲಿರುವವರನ್ನು ಕೇಳಬೇಕು. ಸಮುದ್ರದ ಉಪ್ಪುಗಾಳಿ ಬಾಗಿಲಿನ ಲಾಕಿಗೂ, ಸ್ವಿಚ್ಚಿಗೂ, ಬೋರ್ಡಿನ ಕಾಲುಗಳಿಗೂ ಹಾಗೆಯೇ ಅಂಟುತ್ತದೆ. ಸಮುದ್ರಕ್ಕೆ ಹತ್ತಿರದ ಮನೆಯಾದರೆ ಸ್ಟೇನ್‌ಲೆಸ್ ಭಾಗಗಳಿಗೆ ಆರಂಭದಲ್ಲೇ ಸ್ವಲ್ಪ ಹೆಚ್ಚು ಕೊಡುವುದು ಲಾಭ.

ಇನ್ನು ನೀರು. 2015ರ ಡಿಸೆಂಬರ್ ಮೊದಲ ವಾರ ಅಡ್ಯಾರು ನದಿ ಉಕ್ಕಿ ಕೊಟ್ಟೂರುಪುರಂ, ಸೈದಾಪೇಟೆ ಮುಳುಗಿದ್ದು ನಿಮಗೆ ನೆನಪಿದೆ. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ವೇಳಚೇರಿ, ಪಳ್ಳಿಕರಣೆಯಲ್ಲಿ ದಿನಗಟ್ಟಲೆ ನೀರು ನಿಂತಿತು. ಮಳೆನೀರು ಮನೆಯೊಳಗೆ ಬಂದರೆ ಮೊದಲು ಇಳಿಯುವುದು ಲಿಫ್ಟಿನ ತಳದ ಗುಂಡಿಗೆ, ಏಕೆಂದರೆ ಮನೆಯಲ್ಲಿ ಅದಕ್ಕಿಂತ ತಗ್ಗಿನ ಜಾಗ ಇಲ್ಲ. ಬಫರು, ವೈರು, ಸ್ವಿಚ್ಚು ಎಲ್ಲ ಅಲ್ಲೇ ಇರುತ್ತವೆ. ಆದ್ದರಿಂದ ಗುಂಡಿಗೆ ನೀರು ಜಿನುಗದಂತೆ ಒಳಗಾರೆ ಮಾಡಿಸಿ. ಕಂಟ್ರೋಲ್ ಬೋರ್ಡನ್ನು ಮೇಲಿನ ಮಹಡಿಯಲ್ಲಿ ಕೂರಿಸಲು ಹೇಳಿ. ಚಂಡಮಾರುತದ ಎಚ್ಚರಿಕೆ ಬಂದರೆ ಲಿಫ್ಟನ್ನು ಮೇಲಿನ ಮಹಡಿಗೆ ಕಳಿಸಿ ಮೇನ್ ಸ್ವಿಚ್ ತೆಗೆಯಿರಿ. ಇದಕ್ಕೆ ಖರ್ಚೇ ಇಲ್ಲ. ನೀರು ಇಳಿದ ಮೇಲೆ ಮೆಕ್ಯಾನಿಕ್ ನೋಡುವವರೆಗೂ ಸ್ವಿಚ್ ಹಾಕಬೇಡಿ.

ವಿಮೆಯ ಮಾತೂ ಇಲ್ಲೇ ಹೇಳಿಬಿಡುತ್ತೇನೆ. 2021ರ ಏಪ್ರಿಲ್‌ನಿಂದ ಭಾರತ್ ಗೃಹ ರಕ್ಷಾ ಎಂಬ ಒಂದೇ ಮಾದರಿಯ ಮನೆ ವಿಮೆ ಎಲ್ಲ ಸಾಮಾನ್ಯ ವಿಮಾ ಕಂಪನಿಗಳಲ್ಲೂ ಸಿಗುತ್ತದೆ. ಬೆಂಕಿ, ಸಿಡಿಲು, ಪ್ರವಾಹ, ಚಂಡಮಾರುತ ಅದರಲ್ಲಿ ಸೇರಿವೆ. ಲಿಫ್ಟ್ ಹಾಕಿಸಿದ ಮೇಲೆ ಮನೆಯ ವಿಮೆಯ ಮೊತ್ತವನ್ನೂ ಅಷ್ಟು ಏರಿಸಿ, ಲಿಫ್ಟನ್ನು ಹೆಸರಿಸಿ ಬರೆಸಿಕೊಳ್ಳಿ. ಸವೆದು ಕೆಟ್ಟದ್ದಕ್ಕೆ ಈ ವಿಮೆ ಬರುವುದಿಲ್ಲ. ಎ.ಎಂ.ಸಿ. ಹೊರಗಿಟ್ಟ ನೀರು, ಸಿಡಿಲಿನ ನಷ್ಟಕ್ಕೆ ಆಸರೆಯಾಗುತ್ತದೆ.

ಕರೆಂಟಿನ ಬಿಲ್ಲಿಗೆ ಬಹಳ ಜನ ಹೆದರುತ್ತಾರೆ. ಹೆದರಬೇಕಾಗಿಲ್ಲ, ಆದರೆ ಲೆಕ್ಕ ಗೊತ್ತಿರಲಿ. ಮೂರು ಕಿಲೋವ್ಯಾಟ್ ಮೋಟಾರು ಅರ್ಧ ನಿಮಿಷ ಓಡಿದರೆ ಒಂದು ಯೂನಿಟ್ಟಿನ ನಲವತ್ತರಲ್ಲಿ ಒಂದು ಭಾಗ ಉರಿಯುತ್ತದೆ. ದಿನಕ್ಕೆ ಇಪ್ಪತ್ತು ಸಲ ಓಡಿದರೆ ಅರ್ಧ ಯೂನಿಟ್. ತಿಂಗಳಿಗೆ ಹದಿನೈದು. ಹೈಡ್ರಾಲಿಕ್ ಆದರೆ ಇಳಿಯುವಾಗ ಮೋಟಾರು ಓಡುವುದೇ ಇಲ್ಲ, ಭಾರದಿಂದಲೇ ಇಳಿಯುತ್ತದೆ, ಇನ್ನೂ ಕಡಿಮೆ. ಆದರೆ ಲಿಫ್ಟ್ ಸುಮ್ಮನೆ ನಿಂತಾಗ? ಒಳಗಿನ ದೀಪ, ಫ್ಯಾನು, ಬೋರ್ಡು ಸೇರಿ ಐವತ್ತು ವ್ಯಾಟ್ ಎನ್ನಿ. ಇಪ್ಪತ್ತನಾಲ್ಕು ಗಂಟೆ ಉರಿದರೆ ದಿನಕ್ಕೆ ಒಂದು ಯೂನಿಟ್ ದಾಟುತ್ತದೆ. ತಿಂಗಳಿಗೆ ಮೂವತ್ತಾರು. ಓಡುವ ಲಿಫ್ಟಿಗಿಂತ ನಿಂತ ಲಿಫ್ಟು ಎರಡು ಪಟ್ಟಿಗೂ ಹೆಚ್ಚು ತಿನ್ನುತ್ತದೆ! ಯಾರೂ ಇಲ್ಲದಾಗ ದೀಪ, ಫ್ಯಾನು ತಾನಾಗಿ ಆರುವ ವ್ಯವಸ್ಥೆ ಇದೆಯೇ ಎಂದು ಕೇಳಿ. ತಮಿಳುನಾಡಿನಲ್ಲಿ ಎರಡು ತಿಂಗಳಿಗೊಮ್ಮೆ ಬಿಲ್ಲು, ಮನೆಗಳಿಗೆ ಮೊದಲ ನೂರು ಯೂನಿಟ್ ಉಚಿತ. ಅದು ಅಡಿಗೆಮನೆಗೇ ಮುಗಿದಿರುತ್ತದೆ. ಲಿಫ್ಟಿನ ನೂರು ಯೂನಿಟ್ ಮೇಲಿನ ದರಕ್ಕೆ ಬೀಳುತ್ತದೆ. ಆದರೂ ಹದಿನೈದು ವರ್ಷಕ್ಕೆ ಒಂದು ಲಕ್ಷ ದಾಟಲಾರದು. ಒಟ್ಟು ಖರ್ಚಿನಲ್ಲಿ ಇದು ಸಣ್ಣ ಪಾಲು.

ಇಷ್ಟನ್ನೂ ಕೂಡಿಸಿ. ಎ.ಎಂ.ಸಿ. ಹತ್ತು ಲಕ್ಷ. ಅದರಲ್ಲಿ ಸೇರದ ಬ್ಯಾಟರಿ, ರಿಪೇರಿಗೆ ಒಂದೂವರೆ ಲಕ್ಷ ಇಡಿ. ಕರೆಂಟು ಒಂದು ಲಕ್ಷ. ಹದಿನೈದನೆಯ ವರ್ಷದ ಹೊತ್ತಿಗೆ ಹೊಸ ಬೋರ್ಡು, ಹೊಸ ಮೋಟಾರಿಗೆ ನಾಲ್ಕು ಲಕ್ಷ. ಹದಿನಾರೂವರೆ ಲಕ್ಷ ಆಯಿತು. ಲಿಫ್ಟಿನ ಬೆಲೆಗಿಂತ ಹೆಚ್ಚು. ಇದನ್ನು ಕೇಳಿ ಲಿಫ್ಟೇ ಬೇಡ ಎನ್ನಬೇಡಿ. ಮಹಡಿಯಲ್ಲಿ ಸೆರೆಯಾಗಿ, ದೇವಸ್ಥಾನಕ್ಕೂ ಡಾಕ್ಟರ ಬಳಿಗೂ ಇಳಿಯದೆ ಕೂರುವ ಹಿರಿಯರನ್ನು ಕಂಡಾಗ ನನಗೆ ಹೊಟ್ಟೆ ಉರಿಯುತ್ತದೆ. ಅವರಿಗೆ ಲಿಫ್ಟ್ ಬೇಕು. ಅದು ಹತ್ತನೆಯ ವರ್ಷವೂ ಓಡುತ್ತಿರಬೇಕು. ಆಗ ಅವರ ಮಂಡಿ ಇನ್ನೂ ಸೋತಿರುತ್ತದೆ, ಲಿಫ್ಟಿನ ಅಗತ್ಯ ಇನ್ನೂ ಹೆಚ್ಚಿರುತ್ತದೆ. ಪಿಂಚಣಿ ಮಾತ್ರ ಅದೇ ವೇಗದಲ್ಲಿ ಏರಿರುವುದಿಲ್ಲ.

ಮೌಂಟ್ ರೋಡಿನ ಎಲ್.ಐ.ಸಿ. ಕಟ್ಟಡ 1959ರದ್ದು. ಅಂಥ ಕಟ್ಟಡದ ಲಿಫ್ಟಿನ ಹಿಂದೆ ಎಂಜಿನಿಯರು ಇದ್ದಾನೆ, ಬಜೆಟ್ಟಿನಲ್ಲಿ ಅದಕ್ಕೆಂದೇ ಒಂದು ಸಾಲು ಇದೆ. ಮನೆಯ ಲಿಫ್ಟಿನ ಹಿಂದೆ ನಾವೇ. ಹಾಗಾದರೆ ನಮ್ಮ ಬಜೆಟ್ಟಿನ ಸಾಲು ಎಲ್ಲಿಂದ ಬರಬೇಕು?

ಅರವತ್ತು ದಾಟಿದವರಿಗೆ ಅಂಚೆ ಕಚೇರಿಯಲ್ಲಿ, ಬ್ಯಾಂಕಿನಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ. 2023ರ ಏಪ್ರಿಲ್‌ನಲ್ಲಿ ಅದರ ಬಡ್ಡಿ ಶೇಕಡ 8.2ಕ್ಕೆ ಏರಿತು. ಆ ದರದಲ್ಲಿ ಐದು ಲಕ್ಷ ಇಟ್ಟರೆ ವರ್ಷಕ್ಕೆ ನಲವತ್ತೊಂದು ಸಾವಿರ ಬಡ್ಡಿ, ಮೂರು ತಿಂಗಳಿಗೊಮ್ಮೆ ಕೈಗೆ ಬರುತ್ತದೆ. ಮೊದಲ ವರ್ಷಗಳ ಎ.ಎಂ.ಸಿ.ಗೆ ಸರಿಹೋಗುತ್ತದೆ. ಎ.ಎಂ.ಸಿ. ಏರುತ್ತದೆ, ಬಡ್ಡಿ ಏರುವುದಿಲ್ಲ. ಆ ಅಂತರಕ್ಕೆ ಮತ್ತು ಹದಿನೈದನೆಯ ವರ್ಷದ ದೊಡ್ಡ ಖರ್ಚಿಗೆ ಬೇರೆ ಹಣ ಬೇಕು. ತಿಂಗಳಿಗೆ ಎರಡೂವರೆ ಸಾವಿರದ ಆರ್.ಡಿ. ಕಟ್ಟಿದರೆ ಹದಿನೈದು ವರ್ಷಕ್ಕೆ ಅಸಲೇ ನಾಲ್ಕೂವರೆ ಲಕ್ಷ, ಬಡ್ಡಿ ಬೇರೆ. ಇದನ್ನು ಮಕ್ಕಳು ಕಟ್ಟಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಲಿಫ್ಟ್ ಕೊಡಿಸಿದ ಮಗ, ಮಗಳು, ಅದರ ಮೇವಿಗೂ ಅದೇ ದಿನ ಒಂದು ಖಾತೆ ತೆರೆಯಬೇಕು. ಪ್ರತಿ ವರ್ಷ ಎ.ಎಂ.ಸಿ. ಬಂದಾಗ ಫೋನ್ ಮಾಡಿ ಕೇಳುವ ಸಂಕೋಚ ಅಪ್ಪ ಅಮ್ಮನಿಗೆ ಬರಬಾರದು. ಆ ಸಂಕೋಚದಿಂದಲೇ ಅವರು ಒಂದು ವರ್ಷ ಎ.ಎಂ.ಸಿ. ಬಿಡುತ್ತಾರೆ. ಅಲ್ಲಿಂದ ಲಿಫ್ಟ್ ಕೆಡಲು ಶುರು.

ಹಣ ಎಷ್ಟು ಬೇಕು, ಎಲ್ಲಿಂದ ಬರಬೇಕು ಎಂದು ನೋಡಿದೆವು. ಒಂದೇ ಮನೆಯಲ್ಲಿ ಇಬ್ಬರು ಇದ್ದರೆ ಯಾರು ಎಷ್ಟು ಕೊಡಬೇಕು?

ಅಪ್ಪ ಕಟ್ಟಿದ ಮನೆ. ಕೆಳಗೆ ಅಣ್ಣ, ಮೇಲೆ ತಮ್ಮ. ಅಪ್ಪ ಇದ್ದಾಗ ಹಾಕಿಸಿದ ಲಿಫ್ಟ್. ಅಪ್ಪ ಹೋದ ಮೇಲೆ ಎ.ಎಂ.ಸಿ. ಬಿಲ್ಲು ಬರುತ್ತದೆ. ಅಣ್ಣ ಹೇಳುತ್ತಾನೆ, "ನಾನು ಕೆಳಗೇ ಇರೋನು, ನನಗ್ಯಾಕೋ ಲಿಫ್ಟು?" ತಮ್ಮ ಹೇಳುತ್ತಾನೆ, "ತಾರಸಿಗೆ ಬಟ್ಟೆ ಒಣಗಿಸೋಕೆ ಅತ್ತಿಗೆ ಅದರಲ್ಲೇ ತಾನೇ ಬರೋದು?" ಇಬ್ಬರದ್ದೂ ನಿಜ. ಎರಡು ವರ್ಷ ಯಾರೂ ಕಟ್ಟುವುದಿಲ್ಲ. ಲಿಫ್ಟ್ ನಿಲ್ಲುತ್ತದೆ. ಮಾತೂ ನಿಲ್ಲುತ್ತದೆ. ಇಂಥ ಮನೆಗಳನ್ನು ನಾನು ಇದೇ ಊರಿನಲ್ಲಿ ನೋಡಿದ್ದೇನೆ. ವಿಭಾಗ ಪತ್ರ ಬರೆಸುವಾಗ ಬಾವಿ, ಮೋಟಾರು, ಮೆಟ್ಟಿಲು, ತಾರಸಿ ಎಲ್ಲದಕ್ಕೂ ವಕೀಲರು ಒಂದೊಂದು ಸಾಲು ಬರೆಯುತ್ತಾರೆ. ಲಿಫ್ಟಿಗೂ ಬರೆಸಿ. ಯಾರ ಪಾಲು ಎಷ್ಟು, ಪರವಾನಗಿ ಯಾರ ಹೆಸರಿನಲ್ಲಿ, ಒಬ್ಬರು ಕೊಡದಿದ್ದರೆ ಏನು ಎಂದು ಸ್ಪಷ್ಟವಾಗಿರಲಿ. ಕೆಳಗಿನವರು ಕಾಲು ಪಾಲು, ಮೇಲಿನವರು ಮುಕ್ಕಾಲು ಎಂಬುದು ನನಗೆ ನ್ಯಾಯವಾಗಿ ಕಾಣುತ್ತದೆ. ಬಾಡಿಗೆಯವರು ಬಳಸುವುದಾದರೆ ಬಾಡಿಗೆ ಕರಾರಿನಲ್ಲೂ ಆ ಮಾತು ಇರಲಿ.

ಲಿಫ್ಟ್ ಬೇಡದ ಮನೆಗಳೂ ಇವೆ. ಕೆಳಗಿನ ಭಾಗವನ್ನು ಬಾಡಿಗೆಗೆ ಕೊಟ್ಟಿದ್ದೀರಿ, ತಿಂಗಳಿಗೆ ಇಪ್ಪತ್ತು ಸಾವಿರ ಬರುತ್ತದೆ ಎನ್ನಿ. ಬಾಡಿಗೆಯವರನ್ನು ಮಹಡಿಗೆ ಕಳಿಸಿ ನೀವು ಕೆಳಗೆ ಬಂದರೆ ಆ ಬಾಡಿಗೆಯೂ ಉಳಿಯುತ್ತದೆ, ಲಿಫ್ಟಿನ ಖರ್ಚೂ ಉಳಿಯುತ್ತದೆ. ಕೆಳಗಿನ ಬಚ್ಚಲಿಗೆ ಹಿಡಿಕಂಬಿ ಹಾಕಿಸಿ, ಜಾರದ ಟೈಲ್ಸ್ ಹಾಕಿಸಿದರೆ ಆಯಿತು. ಗಾಳಿ ಸ್ವಲ್ಪ ಕಡಿಮೆ ಬರಬಹುದು. ಪ್ರವಾಹದ ಬೀದಿಯಾದರೆ ಮಾತ್ರ ಹಾಗೆ ಮಾಡಬೇಡಿ.

ಹಾಕಿಸಿದವರಿಗೆ ಇನ್ನೊಂದೇ ಮಾತು. ಹದಿನೈದನೆಯ ವರ್ಷ ಬಂದಾಗ ಕಂಪನಿಯವರು "ಇದು ಹಳೆಯದಾಯಿತು, ಪೂರ್ತಿ ಬದಲಿಸಿ" ಎನ್ನುತ್ತಾರೆ. ಅವಸರ ಬೇಡ. ಗೋಡೆಗೆ ಕೂರಿಸಿದ ಕಬ್ಬಿಣದ ರೈಲುಗಳು, ಪೆಟ್ಟಿಗೆಯ ಚೌಕಟ್ಟು ಗಟ್ಟಿ ಇದ್ದರೆ ಅವನ್ನು ಉಳಿಸಿಕೊಂಡು ಬೋರ್ಡು, ಮೋಟಾರು, ಬಾಗಿಲಿನ ಯಂತ್ರ ಮಾತ್ರ ಹೊಸದು ಹಾಕಿಸಬಹುದು. ಎರಡು ಮೂರು ಕಡೆ ದರ ಕೇಳಿ. ಕೇಳುವುದನ್ನು ಹದಿಮೂರನೆಯ ವರ್ಷದಲ್ಲೇ ಶುರು ಮಾಡಿ, ಲಿಫ್ಟ್ ಇನ್ನೂ ಓಡುತ್ತಿರುವಾಗ. ನಿಂತ ಮೇಲೆ ಕೇಳಿದರೆ ಹೇಳಿದ ದರಕ್ಕೆ ಒಪ್ಪಬೇಕಾಗುತ್ತದೆ, ಕೆಲಸ ಮುಗಿಯುವ ಒಂದೆರಡು ತಿಂಗಳು ಮಹಡಿಯ ಹಿರಿಯರು ಎಲ್ಲಿ ಇರಬೇಕು ಎಂಬುದನ್ನೂ ಆಗಲೇ ಹುಡುಕಬೇಕಾಗುತ್ತದೆ.